ಖಾಲಿ ಬಾಯಿ

ಚರ್ಚಿನಲ್ಲಿ ಪಾದ್ರಿಯ ಕೈಯ ಪ್ರಸಾದದ ಚಮಚ ಮತ್ತೆ ಮಿನುಗಿತು, ಸಾಲಿನಲ್ಲಿ ನನ್ನ ಮುಂದಿನ ಇನ್ನೊಬ್ಬಳ ಬಾಯೊಳಗೆ ಹೋಗಿ ಬಂತು, ಗದ್ದದ ಕೆಳಗೆ ಹಿಡಿದ ಕೆಂಪು ಬಟ್ಟೆಗೆ ಒಂದು ಹನಿಯೂ ಬೀಳಲಿಲ್ಲ, ಪುಣ್ಯವಂತೆ — ಇರು ನಾಲಿಗೆ, ನಿಲ್ಲು ಮುಂಡೇದೇ, ಹೋದ ವರ್ಷ ಈಸ್ಟರಿನ ಹಿಂದಿನ ದಿನ ನೀನು ಈ ಚಮಚಕ್ಕೆ ಹೊಡೆದೆ, ಯೇಸುವಿನ ರಕ್ತವಾದ ವೈನು ನೆಲಕ್ಕೆ ಬಿತ್ತು, ಪಾದ್ರಿ ಸೊಫ್ರೊನಿಸ್ ಅದನ್ನು ಯಾರೂ ತುಳಿಯಬಾರದೆಂದು ನೋಯುವ ಮಂಡಿಯೂರಿ ಕಲ್ಲುಹಾಸನ್ನು ನೆಕ್ಕಿದರು, ಇಡೀ ಊರು ನೋಡಿತು, ಮಾರನೆಯ ದಿನ ಎಲ್ಲರೂ ಮೇಜಿನ ಸುತ್ತ ಹಬ್ಬದ ಕೆಂಪು ಮೊಟ್ಟೆ ಒಡೆಯುವ ಸದ್ದನ್ನು ನಾನು ಅಡುಗೆಮನೆಯಿಂದ ಕೇಳಿದೆ, ಅಂದಿನಿಂದ ಅತ್ತಿಗೆ ಪೊಲಿಕ್ಸೇನಿ ನನ್ನ ತಟ್ಟೆಯನ್ನು ಅಲ್ಲೇ ಇಡುತ್ತಾಳೆ, ಬೆಳಿಗ್ಗೆ ಅವಳೇ ಅಂದಳು, ಈ ಸಲ ನೆಟ್ಟಗೆ ಪ್ರಸಾದ ತಗೊಂಡ್ರೆ ನಾಳೆ ಕುರಿಮರಿ ಊಟಕ್ಕೆ ಮೇಜಿಗೆ ಬಾ ಎವಾಂಥಿಯಾ, ಇಲ್ಲಾಂದ್ರೆ ಅಲ್ಲೇ ಬಿದ್ದಿರು, ನಿನ್ನ ಮೋರೆ ನೋಡ್ಕೊಂಡು ಯಾರಿಗೆ ತುತ್ತು ಇಳಿಯುತ್ತೆ — ನನ್ನ ತಲೆಯೊಳಗೆ ಕೂಗುತ್ತಿದ್ದ ದನಿಗಳಿಗೂ ಇವಳಿಗಿಂತ ಮರ್ಯಾದೆ ಇತ್ತು, ಅವನ್ನು ಓಡಿಸಲಿಕ್ಕೆ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಮಾತ್ರೆ ಕೊಟ್ಟರು, ದಿನಾ ನರ್ಸು, ನುಂಗಿದ್ಯಾ, ಬಾಯಿ ತೆಗಿ, ನಾಲಿಗೆ ಎತ್ತು, ತೋರ್ಸು, ದನಿಗಳು ಹೋದವು, ಈ ಬಾಯಿ ಬಂತು, ಡಾಕ್ಟರೇ ಹೇಳಿದ, ಮಾತ್ರೆಯಿಂದ ಬಂದಿದ್ದಮ್ಮ, ಮಾತ್ರೆ ಬಿಟ್ರೂ ಹೋಗಲ್ಲ, ಹುಚ್ಚು ಹೋಯ್ತಲ್ಲ, ಅಷ್ಟಕ್ಕೆ ಸಂತೋಷಪಡು, ಅವನ ಸಂತೋಷಕ್ಕೆ ಬೆಂಕಿ ಬೀಳ, ದವಡೆ ತನ್ನಷ್ಟಕ್ಕೆ ಅಗಿಯುತ್ತದೆ, ತುಟಿ ಚಪ್ಪರಿಸುತ್ತದೆ, ನಾಲಿಗೆ ಹಲ್ಲಿಯ ನಾಲಿಗೆಯಂತೆ ಹೊರಬಂದು ಒಳಹೋಗುತ್ತದೆ, ನಿದ್ದೆಯಲ್ಲಿ ಮಾತ್ರ ಸುಮ್ಮನಿರುತ್ತದೆ, ನಿದ್ದೆ ಹೋದವಳಿಗೆ ಪ್ರಸಾದ ಕೊಡುವವರು ಯಾರು.

ಅದಕ್ಕೇ ನಾಲಿಗೆಯನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದೇನೆ, ನೋಯಲಿ, ನಿಂತರೆ ಸಾಕು, ದವಡೆ ಮಾತ್ರ ಆಡುತ್ತಲೇ ಇದೆ, ಹಿಂದಿನಿಂದ ಪೊಲಿಕ್ಸೇನಿ, ಸ್ವಾಮಿ, ಇವ್ಳು ಏನೋ ಅಗೀತಾ ಇದಾಳೆ, ಉಪವಾಸ ಮುರ್ದಿದಾಳೆ — ನಿನ್ನೆ ರಾತ್ರಿಯಿಂದ ಗುಟುಕು ನೀರೂ ಮುಟ್ಟಿಲ್ಲವೇ ಪಾಪಿ, ನಿನಗೆ ಗೊತ್ತು, ಗೊತ್ತಿದ್ದೇ ಹೇಳುತ್ತೀಯ, ಯಾರೋ ಕಿಸಕ್ಕನೆ ನಕ್ಕರು, ಚಮಚ ನನ್ನ ಮೂಗಿನ ಮುಂದೆ ನಿಂತಿದೆ, ತುಂಬಿದ ಚಮಚ, ಬೆಚ್ಚಗಿನ ವೈನಿನ ವಾಸನೆ, ಪಾದ್ರಿ ಕೇಳಿದರು, ಬಾಯಲ್ಲಿ ಏನಮ್ಮ ಅದು, ಏನೂ ಇಲ್ಲ ಸ್ವಾಮಿ ಅನ್ನಬೇಕು, ಅನ್ನಬೇಕಾದರೆ ನಾಲಿಗೆ ಬಿಡಬೇಕು, ಬಿಟ್ಟರೆ ಅದು ಚಮಚಕ್ಕೆ ಹೊಡೆಯುತ್ತದೆ, ಬಾಯಿ ತೆಗಿ, ತೋರ್ಸು, ಇಲ್ಲೂ ಅದೇ ಮಾತು, ತೆಗೆದೆ, ಖಾಲಿ, ನೋಡಿ ಸ್ವಾಮಿ, ನೋಡೇ ಪೊಲಿಕ್ಸೇನಿ — ಪಾದ್ರಿಯ ಮುಖ ಬಿಳಿಚಿತು, ಗದ್ದದ ಕೆಳಗಿನ ಬಟ್ಟೆ ಒದ್ದೆಯಾಗುತ್ತಿದೆ, ವೈನಲ್ಲ, ಕಚ್ಚಿದ ನಾಲಿಗೆಯ ರಕ್ತ, ನನ್ನದು, ರಕ್ತ ಸುರಿಯೋ ಬಾಯಿಗೆ ಕೊಡೋ ಹಾಗಿಲ್ಲಮ್ಮ, ಪಕ್ಕಕ್ಕೆ ಸರಿ, ಚಮಚ ತುಂಬಿದ ಹಾಗೇ ಹಿಂದಕ್ಕೆ ಹೋಗುತ್ತಿದೆ, ಬಟ್ಟಲಿನ ಕಡೆಗೆ, ನಾಲಿಗೆ ಅದರ ಹಿಂದೆ ಹೊರಟಿದೆ, ಚಮಚ ಹಿಂದಕ್ಕೆ, ನಾಲಿಗೆ ಮುಂದಕ್ಕೆ, ಚಮಚ, ತುಂಬಿದ ಚಮಚ —