ಮರ್ಲಿನ್ ಸೈಕಲ್ಲಿಗೆ ಅಗಲದ ಟೈರು

ಮಂಡಿ ಮೊಹಲ್ಲಾದಲ್ಲಿ ಸೈಕಲ್ ಷಾಪ್ ಇಟ್ಟಿರುವ ಅಮಲದಾಸರಿಗೆ ತಮ್ಮ ಬೆರಳುಗಳ ಬಗ್ಗೆ ಭಾರಿ ಜಂಭ. ಗ್ರೀಸ್ ತಟ್ಟೆಯೊಳಗೆ ಕೈಯಿಟ್ಟರೆ ಸಾಕು, ಕಣ್ಣು ಎತ್ತಲೋ ಇದ್ದರೂ, ಮುಂದಿನ ಚಕ್ರದ ಬೇರಿಂಗ್ ಗುಂಡು ಯಾವುದು, ಹಿಂದಿನ ಚಕ್ರದ ಗುಂಡು ಯಾವುದು ಅಂತ ಬೆರಳ ತುದಿಯಲ್ಲೇ ಹೇಳಿಬಿಡುತ್ತಿದ್ದರು. ಎರಡಕ್ಕೂ ವ್ಯತ್ಯಾಸ ಒಂದು ಸಾಸಿವೆ ಕಾಳಿನಷ್ಟು. ಮಗಳು ಮರ್ಲಿನ್ ಕುವೆಂಪುನಗರದ ಲ್ಯಾಬೊಂದರಲ್ಲಿ ರಕ್ತ ತೆಗೆಯುವ ಕೆಲಸಕ್ಕೆ ಸೇರಿ, ಎಂಥ ದಪ್ಪ ಕೈಯಲ್ಲೂ ಒಂದೇ ಸಲಕ್ಕೆ ನರ ಹಿಡೀತಾಳೆ ಅಂತ ಹೆಸರು ತೆಗೆದುಕೊಂಡಾಗ, ಆ ಬೆರಳು ತಮ್ಮ ಕಡೆಯದು, ಅವಳಮ್ಮನ ಕಡೆಯದಲ್ಲ ಅಂತ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು. ಹಾಗಂತ ಆ ಬೆರಳಿಗೆ ತಮ್ಮ ಕೈ ಕೊಟ್ಟವರಲ್ಲ. ಸೂಜಿ ಅಂದರೆ ಅವರಿಗೆ ಎದೆ ಧಸಕ್ ಅನ್ನುತ್ತಿತ್ತು. ಶುಗರ್ ನೋಡ್ತೀನಿ ಬನ್ನಿ ಅಂತ ಮಗಳು ಕರೆದಾಗಲೆಲ್ಲ ಷಾಪಿನಲ್ಲಿ ಏನಾದರೊಂದು ಅರ್ಜೆಂಟ್ ಕೆಲಸ ನೆನಪಾಗುತ್ತಿತ್ತು.

ಅಂಥ ಬೆರಳು ಈಗ ಮರ್ಲಿನ್‌ಗೆ ಕೈಕೊಟ್ಟಿತ್ತು. ಬುಧವಾರ ಬೆಳಿಗ್ಗೆ ಒಂದು ಮಗುವಿಗೆ ಮತ್ತೆ ಮತ್ತೆ ಚುಚ್ಚಿದರೂ ರಕ್ತ ಸಿಗಲಿಲ್ಲ. ಮಗುವಿನ ತಾಯಿ ಲ್ಯಾಬ್ ಹಾರಿಹೋಗುವ ಹಾಗೆ ರಂಪ ಮಾಡಿದಳು. ಹಾಗಾಗಿದ್ದು ಅದೇ ಮೊದಲಲ್ಲ. ಲ್ಯಾಬ್ ನೋಡಿಕೊಳ್ಳುವ ಪುಟ್ಟಲಿಂಗಮ್ಮ ಕೆಟ್ಟ ಹೆಂಗಸೇನಲ್ಲ, ಆದರೂ ಎಷ್ಟು ಅಂತ ತಡೆದುಕೊಂಡಾರು? ಶನಿವಾರ ಒಂದು ದಿನ ನೋಡ್ತೀನಿ, ಆಗಲೂ ಹೀಗೇ ಆದರೆ ಬಿಲ್ಲಿನ ಕೌಂಟರಿಗೆ ಹಾಕ್ತೀನಿ, ಅಲ್ಲೀವರೆಗೂ ಸೂಜಿ ಮುಟ್ಟಬೇಡ ಅಂದುಬಿಟ್ಟರು. ಮರ್ಲಿನ್ ಕೆಸರೆಯ ಮನೆಗೆ ಬಂದವಳೇ ಅಡುಗೆಮನೆ ಬಾಗಿಲಲ್ಲಿ ಕುಳಿತು ಅತ್ತಳು. ಬಿಲ್ಲು ಹರಿಯೋಕಾ ತಾನು ಇಷ್ಟು ವರ್ಷ ಓದಿದ್ದು ಅಂತ ಅವಳ ಸಂಕಟ.

"ಅಪ್ಪ, ಸೈಕಲ್ ಇಳಿದಾಗ ಬೆರಳ ತುದಿಯೆಲ್ಲ ಜುಂ ಅಂತಿರತ್ತೆ," ಅಂದಳು. "ನರದ ಮೇಲೇ ಬೆರಳಿಟ್ಟಿದ್ರೂ ಗೊತ್ತಾಗಲ್ಲ."

ಅಮಲದಾಸರಿಗೆ ಚುರುಕ್ ಅಂದಿತು. ಯಾಕೆಂದರೆ ಆ ಸೈಕಲ್ ಅವರ ಕೈಯ ಸೃಷ್ಟಿ. ಗುಜರಿಯಲ್ಲಿ ಸಿಕ್ಕ ಹಳೇ ರೇಸ್ ಸೈಕಲ್ಲಿನ ಫ್ರೇಮಿಗೆ ನೀಲಿ ಬಣ್ಣ ಹೊಡೆದು, ಹೆಬ್ಬೆರಳಿಗಿಂತ ಸ್ವಲ್ಪ ದಪ್ಪದ ಟೈರು ಹಾಕಿ, ಟಗರಿನ ಕೊಂಬಿನಂತೆ ಕೆಳಗೆ ಬಾಗಿದ ಹ್ಯಾಂಡಲ್ ಕೂರಿಸಿ, ಎರಡು ತಿಂಗಳ ಹಿಂದೆ ಬೆಳಗಿನ ಪಾಳಿ ಬಿದ್ದಾಗ ಮಗಳಿಗೆ ಕೊಟ್ಟಿದ್ದರು. ವಾರಕ್ಕೊಮ್ಮೆ ತಾವೇ ಗಾಳಿ ಹೊಡೆದು, ಟೈರಿಗೆ ಉಗುರಲ್ಲಿ ಮೀಟಿ, ಟಣ್ ಅಂದರೆ ಮಾತ್ರ ಬಿಡುತ್ತಿದ್ದರು. ಟೈರು ಸಣ್ಣಗಿದ್ದಷ್ಟೂ, ಗಾಳಿ ಗಟ್ಟಿಯಾಗಿದ್ದಷ್ಟೂ ಸೈಕಲ್ ಜೋರು ಅನ್ನುವುದು ಅವರ ಪಾಲಿಗೆ ದೇವರ ವಾಕ್ಯ. ಬೆಳಗಿನ ಖಾಲಿ ಹೊಟ್ಟೆಯ ರಕ್ತ ತೆಗೆಯುವ ಹೊತ್ತಿಗೆ ಕೆಸರೆಯಿಂದ ಬಸ್ಸು ಸಿಗುವುದಿಲ್ಲ, ಸೈಕಲ್ ಜೋರಾಗಿದ್ದರೇ ಮಗಳು ಹೊತ್ತಿಗೆ ಸರಿಯಾಗಿ ಮುಟ್ಟುವುದು.

"ಸೈಕಲ್ಲಿಂದೇನೂ ತಪ್ಪಿಲ್ಲ ಕಣಮ್ಮ. ನೀನು ಹ್ಯಾಂಡಲ್ ಬಿಗಿಯಾಗಿ ಹಿಡಿತೀಯ, ಅಷ್ಟೇ."

ಮರ್ಲಿನ್ ಮಾತು ಬೆಳೆಸಲಿಲ್ಲ. ಬೆಳೆಸಿದ್ದರೆ ಅಮಲದಾಸರು ವಾದ ಮಾಡಿ ಗೆದ್ದು ಸುಮ್ಮನಾಗುತ್ತಿದ್ದರೇನೋ. ಅವಳು ಸುಮ್ಮನಾದದ್ದರಿಂದ ಆ ಮಾತು ಇವರ ತಲೆಯೊಳಗೆ ಹುಳ ಬಿಟ್ಟಹಾಗೆ ಕೊರೆಯತೊಡಗಿತು. ಗುರುವಾರ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ಮಗಳು ಮಲಗಿದ್ದಳು. ಸೈಕಲ್ ಜಗಲಿಗೆ ಒರಗಿ ನಿಂತಿತ್ತು. ನಿಜವಾಗಿದ್ದರೆ? ಒಂದು ಸಲ ನೋಡೇಬಿಡೋಣ ಅಂತ ಪಂಚೆ ಬಿಚ್ಚಿಟ್ಟು ಪ್ಯಾಂಟ್ ಹಾಕಿಕೊಂಡರು. ಹೆಂಡತಿ ಅಮಲಮೇರಿ ಬಾಗಿಲಿಗೆ ಬಂದು, ಈ ವಯಸ್ಸಲ್ಲಿ ಯಾವ ರೇಸಿಗೆ ಹೊರಟಿರಿ ಸ್ವಾಮಿ, ಬೀಳೋದಾದರೆ ಆಸ್ಪತ್ರೆ ಮುಂದೆ ಬೀಳಿ ಅಂದಳು.

ಕೆಸರೆಯಿಂದ ಕುವೆಂಪುನಗರಕ್ಕೆ ಹೋಗಿ, ಅಲ್ಲಿಂದ ತಿರುಗಿ ಮಂಡಿ ಮೊಹಲ್ಲಾಕ್ಕೆ ಬಂದರು. ಪೈಪಿಗೆ ಅಗೆದು ಮುಚ್ಚಿದ ರಸ್ತೆ, ಹೆಜ್ಜೆಗೊಂದು ಹಂಪು, ಡಾಂಬರು ಕಿತ್ತ ಜಲ್ಲಿ. ಅಬ್ಬಬ್ಬಾ, ಒಂದೊಂದು ಕಲ್ಲೂ ಟೈರಿನಿಂದ ಹ್ಯಾಂಡಲ್ಲಿಗೆ, ಹ್ಯಾಂಡಲ್ಲಿನಿಂದ ಹಲ್ಲಿಗೆ ಬಂದು ಬಡಿಯುತ್ತಿತ್ತು. ಷಾಪಿನ ಮುಂದೆ ಇಳಿದವರು ಬೆವರು ಕೂಡ ಒರೆಸಿಕೊಳ್ಳದೆ ಗ್ರೀಸ್ ತಟ್ಟೆಗೆ ಕೈ ಹಾಕಿದರು. ಒಂದು ಗುಂಡು ಎತ್ತಿ, ಇದು ಹಿಂದಿನ ಚಕ್ರದ್ದು ಅಂದುಕೊಂಡು ಕಣ್ಣ ಹತ್ತಿರ ಹಿಡಿದರು. ಮುಂದಿನದು. ಇನ್ನೊಂದು ಎತ್ತಿದರು. ಅದೂ ತಪ್ಪು. ಬೆರಳು ತಮ್ಮದಲ್ಲ, ಯಾರೋ ಅಂಟಿಸಿದ್ದು ಅನ್ನಿಸಿತು.

ಅಮಲದಾಸರು ಸ್ಟೂಲ್ ಎಳೆದುಕೊಂಡು ಕೂತರು. ನನ್ನ ಕೈಯಾರೆ ಮಾಡಿಕೊಟ್ಟ ಸೈಕಲ್ಲೇ ನನ್ನ ಮಗಳ ಕೆಲಸ ತಿನ್ನುತ್ತಿದೆಯಲ್ಲ ಅಂತ ಹಣೆ ಚಚ್ಚಿಕೊಂಡರು. ಆದರೆ ಎಷ್ಟಾದರೂ ರಿಪೇರಿಯವರ ಜೀವ ಅದು. ದುಃಖದ ಬೆನ್ನಲ್ಲೇ ಕುತೂಹಲವೂ ಬಂತು. ಯಾವುದರಿಂದ ಆಗಿದ್ದು? ಗಾಳಿಯೋ, ಟೈರೋ, ಹ್ಯಾಂಡಲ್ಲೋ?

ಅರ್ಧ ಗಾಳಿ ಬಿಟ್ಟು ಬೀದಿಯಲ್ಲಿ ಒಂದು ಸುತ್ತು ಹೊಡೆದರು. ಕೈಗೆ ಹಾಯೆನಿಸಿತು, ಆದರೆ ರಸ್ತೆಯ ಮೊದಲ ಹಳ್ಳಕ್ಕೇ ರಿಮ್ಮು ಟ್ಯೂಬನ್ನು ಕಚ್ಚಿ ಪಂಕ್ಚರ್ ಆಯಿತು. ಸರಿ, ಗಾಳಿ ಕಡಿಮೆ ಹಾಕಬೇಕಾದರೆ ಟೈರು ಅಗಲ ಬೇಕು. ಅದೇ ರಿಮ್ಮಿಗೆ ಅಗಲದ ಟೈರು ಹಾಕಿ ನೋಡಿದರು. ಚಕ್ರ ಹಿಡಿದಿರುವ ಫೋರ್ಕಿನ ಮೇಲ್ಭಾಗಕ್ಕೆ ಒತ್ತಿಕೊಂಡು ಚಕ್ರ ತಿರುಗಲೇ ಇಲ್ಲ. ಫ್ರೇಮನ್ನೇ ಸ್ವಲ್ಪ ಅರ ಹಾಕಿ ಉಜ್ಜೋಣವೇ ಅಂತ ಅರ ಕೈಗೆತ್ತಿಕೊಂಡವರು, ಮಗಳು ಕೂರುವ ಸೈಕಲ್ ಅಂತ ನೆನೆದು ಕೆಳಗಿಟ್ಟರು.

ಆಗ ಕಣ್ಣು ಹೋದದ್ದು ಗೋಡೆಗೆ ನೇತುಹಾಕಿದ್ದ ಚಲುವಮ್ಮನ ಹಳೇ ಲೇಡೀಸ್ ಸೈಕಲ್ ಮೇಲೆ. ಹೂ ಮಾರುವ ಚಲುವಮ್ಮ ಹೊಸದು ಕೊಂಡಾಗ ಅದನ್ನು ಇಲ್ಲೇ ಬಿಟ್ಟುಹೋಗಿದ್ದಳು. ಅದರ ರಿಮ್ಮನ್ನು ರೇಸ್ ರಿಮ್ಮಿನ ಪಕ್ಕ ಹಿಡಿದರೆ ಸುತ್ತಲೂ ಒಂದು ಬೆರಳಗಲ ಚಿಕ್ಕದು. ಹಾಗಾದರೆ ಟೈರು ಒಂದು ಬೆರಳು ದಪ್ಪ ಆದರೂ ಚಕ್ರ ಮೊದಲಿನಷ್ಟೇ ಎತ್ತರ! ಅಮಲದಾಸರಿಗೆ ನಗು ಬಂತು. ಸಂಜೆಯೆಲ್ಲ ಕೂತು ಆ ರಿಮ್ಮುಗಳಿಗೆ ಸ್ಪೋಕ್ಸ್ ಕಟ್ಟಿ, ಬೆಂಡ್ ತೆಗೆದು, ಅಗಲದ ಟೈರು ತೊಡಿಸಿ ನೀಲಿ ಫ್ರೇಮಿಗೆ ಕೂರಿಸಿದರು. ಚಕ್ರ ಎಲ್ಲೂ ತಾಗದೆ ಗಿರ್ರನೆ ತಿರುಗಿತು. ಬ್ರೇಕ್ ಒತ್ತಿದರೆ ಮಾತ್ರ ಅದರ ರಬ್ಬರ್ ಶೂ ಹೋಗಿ ಟೈರನ್ನು ಕಚ್ಚಿತು. ರಿಮ್ಮು ಕೆಳಗಿಳಿದ ಮೇಲೆ ಗಿಡ್ಡ ತೋಳಿನ ರೇಸ್ ಬ್ರೇಕು ಅದನ್ನು ಮುಟ್ಟುವುದಾದರೂ ಹೇಗೆ? ಅದಕ್ಕೂ ಚಲುವಮ್ಮನ ಸೈಕಲ್ಲೇ ಗತಿಯಾಯಿತು. ಅದರ ಬ್ರೇಕಿನ ತೋಳು ಉದ್ದ, ಸರಿಯಾಗಿ ರಿಮ್ಮಿಗೇ ಬಂದು ಹಿಡಿಯಿತು.

ಶುಕ್ರವಾರ ಮರ್ಲಿನ್ ಲ್ಯಾಬಿನಲ್ಲಿ ಚೀಟಿ ಬರೆಯುವ ಕೆಲಸ ಮುಗಿಸಿ ಬಸ್ಸಲ್ಲಿ ಷಾಪಿಗೆ ಬಂದು ನೋಡಿದಳು, ಸುತ್ತು ಬಂದಳು, ಟೈರನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದಳು. ಹ್ಯಾಂಡಲ್ ಯಾಕೆ ಹಾಗೇ ಇದೆ ಅಂತ ಕೇಳಿದಳು. ಅಮಲದಾಸರಿಗೆ ಆ ಕೊಂಬನ್ನು ಬಿಟ್ಟುಕೊಡುವ ಮನಸ್ಸಿರಲಿಲ್ಲ. ಅದೂ ಹೋದರೆ ರೇಸ್ ಸೈಕಲ್ ಅನ್ನಲು ಇನ್ನೇನು ಉಳಿಯಿತು? ಮರ್ಲಿನ್ ಅವರ ಅಂಗೈಯನ್ನು ಸ್ಟೂಲಿನ ಮೇಲೆ ಊರಿಸಿ, ಬಗ್ಗಿ ಭಾರ ಬಿಡಿ ಅಂದಳು.

"ಮಣಿಕಟ್ಟು ಹಿಂಗೆ ಮಡಿಸ್ಕೊಂಡು ಮೈಭಾರ ಎಲ್ಲ ಬಿಟ್ರೆ, ಬೆರಳಿಗೆ ಏನು ಗೊತ್ತಾಗತ್ತೆ ಹೇಳಿ? ನೀವು ಟೈರು ನೋಡಿದ್ರಿ. ಈ ಕೊಂಬನ್ನ ಬಿಟ್ಬಿಟ್ರಿ."

ಸ್ವಲ್ಪ ಹೊತ್ತಿಗೇ ಅವರ ಬೆರಳು ಜುಂ ಅಂದಿತು. ಅಮಲದಾಸರು ಕೊಂಬು ಬಿಚ್ಚಿ, ಚಲುವಮ್ಮನ ಹ್ಯಾಂಡಲ್ ಕೂರಿಸಿದರು. ಈಗ ಮಗಳು ನೆಟ್ಟಗೆ ಕೂತು ಓಡಿಸಬಹುದಿತ್ತು.

ಒಂದು ಭಯ ಮಾತ್ರ ಉಳಿದಿತ್ತು. ಇಷ್ಟು ದಪ್ಪ ಟೈರು ನಿಧಾನ ಆಗಿ, ನಾಳೆ ಮಗಳಿಗೆ ಲೇಟಾದರೆ? ಮನೆ ಮುಂದಿನ ಇಳಿಜಾರಿನಲ್ಲಿ ಪೆಡಲ್ ತುಳಿಯದೆ ಬಿಟ್ಟರೆ ಸೈಕಲ್ ದಿನಾ ಬೆಟ್ಟಮ್ಮನ ಅಂಗಡಿ ಮುಂದೆ ನಿಲ್ಲುತ್ತಿತ್ತು. ಸಂಜೆ ಮರ್ಲಿನ್ ಹಾಗೇ ಬಿಟ್ಟಳು. ಅಂಗಡಿ ದಾಟಿ ಬೀದಿ ನಲ್ಲಿಯವರೆಗೂ ಹೋಯಿತು. ಗಾಳಿ ಹಿಂದಿನಿಂದ ಬೀಸಿರಬೇಕು ಅಂತ ಅಮಲದಾಸರು ಮತ್ತೆ ಬಿಡಿಸಿದರು. ಮತ್ತೆ ನಲ್ಲಿಯ ಹತ್ತಿರವೇ ನಿಂತಿತು. ಇಷ್ಟು ವರ್ಷ ಊರಿಗೆಲ್ಲ ಟಣ್ ಅಂತ ಗಾಳಿ ಹೊಡೆದದ್ದು ಯಾವ ಸುಖಕ್ಕೋ ಅಂತ ಗೊಣಗಿಕೊಂಡು ಒಳಗೆ ಹೋದರು.

ಶನಿವಾರ ಮರ್ಲಿನ್ ಹೊರಟ ಮೇಲೆ ಅವರಿಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ. ಕಾಫಿ ಕೂಡ ಬೇಡ ಅಂದು ತಮ್ಮ ಹಳೇ ಸೈಕಲ್ ಹತ್ತಿ ಹಿಂದೆಯೇ ಹೋದರು. ಏದುಸಿರು ಬಿಡುತ್ತಾ ಲ್ಯಾಬಿನೊಳಗೆ ಬಂದಾಗ ಜನ ಆಗಲೇ ಸಾಲಾಗಿ ಕೂತಿದ್ದರು. ಪುಟ್ಟಲಿಂಗಮ್ಮ ಕೈಕಟ್ಟಿಕೊಂಡು ಮರ್ಲಿನ್ ಪಕ್ಕದಲ್ಲೇ ನಿಂತಿದ್ದರು. ಮೊದಲು ಕರೆದ ಅಜ್ಜಿ, ಹೋದ ಸಲ ಇವಳೇ ಚುಚ್ಚಿ ಚುಚ್ಚಿ ನೀಲಿ ಮಾಡಿದ್ದು ಅಂತ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಮರ್ಲಿನ್ ಮುಖ ಬಿಳಿಚಿಕೊಂಡಿತು.

ಅಮಲದಾಸರಿಗೆ ಏನಾಯಿತೋ, ನೇರ ಹೋಗಿ ಕುರ್ಚಿಯಲ್ಲಿ ಕೂತು ಅಂಗಿ ತೋಳು ಮಡಚಿ ಕೈ ಚಾಚಿದರು.

"ನಂಗೆ ತೆಗಿಯಮ್ಮ. ಶುಗರ್ ನೋಡ್ಬೇಕು ಅಂತಿದ್ದೆಯಲ್ಲ."

ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು. ಮೈಯೆಲ್ಲ ಬೆವರು. ಮೊಣಕೈ ಒಳಗೆ ಮಗಳ ಬೆರಳು ಮೆಲ್ಲಗೆ ಹುಡುಕಿತು, ಸ್ವಲ್ಪ ಪಕ್ಕಕ್ಕೆ ಸರಿಯಿತು, ಒಂದು ಕಡೆ ನಿಂತಿತು. ಗ್ರೀಸ್ ತಟ್ಟೆಯಲ್ಲಿ ಸರಿಯಾದ ಗುಂಡು ಸಿಕ್ಕಾಗ ತಮ್ಮ ಬೆರಳು ನಿಲ್ಲುವುದೂ ಹಾಗೆಯೇ. ಇನ್ನೇನು ಚುಚ್ಚುತ್ತಾಳೆ ಅಂತ ಹಲ್ಲು ಕಚ್ಚಿ ಕಾದರು. ಇರುವೆ ಕಚ್ಚಿದ ಹಾಗಾಯಿತು, ಅಷ್ಟೇ. ಕಾದೇ ಕಾದರು.

"ಚುಚ್ಚಮ್ಮ ಬೇಗ," ಅಂದರು.

"ಆಯ್ತು ಅಪ್ಪ, ಹತ್ತಿ ಒತ್ತಿ ಹಿಡ್ಕೊಳ್ಳಿ."

ಕಣ್ಣು ಬಿಟ್ಟರೆ ರಕ್ತ ತುಂಬಿದ ನಳಿಕೆ ಮಗಳ ಕೈಯಲ್ಲಿತ್ತು. ಪುಟ್ಟಲಿಂಗಮ್ಮ ಕಟ್ಟಿದ್ದ ಕೈ ಬಿಚ್ಚಿ ಅಜ್ಜಿಯ ಕಡೆ ತಿರುಗಿದರು.

"ಬನ್ನಿ ಅಜ್ಜಿ, ಕೂತ್ಕೊಳ್ಳಿ. ಮರ್ಲಿನ್ನೇ ತೆಗೀತಾಳೆ."