ಕಸ್ತೂರೆಮ್ಮ ಟೀಚರ ಎಮ್ಮೆ

ಕಸ್ತೂರೆಮ್ಮ ಟೀಚರಿಗೆ ಸಿಟ್ಟು ಬಂದರೆ ಧ್ವನಿ ಏರುವುದಿಲ್ಲ, ಮರ್ಯಾದೆ ಏರುತ್ತದೆ. ‘ಬಾರೋ’ ಎನ್ನಿಸಿಕೊಂಡ ಹುಡುಗ ನಿಶ್ಚಿಂತೆಯಿಂದ ಹತ್ತಿರ ಹೋಗಬಹುದಿತ್ತು. ‘ಬರ್ರಿ ಯಜಮಾನ್ರ’ ಎನ್ನಿಸಿಕೊಂಡವನ ಗತಿಯನ್ನು ದೇವರೇ ಬಲ್ಲ. ಇರಕಲ್ಲಗಡದ ನಮ್ಮ ಪ್ರೌಢಶಾಲೆಯಲ್ಲಿ ಅವರು ಚಿತ್ರಕಲೆ ಕಲಿಸುತ್ತಿದ್ದರು, ನಾನು ಕನ್ನಡ. ಕಂಪ್ಯೂಟರ್ ಕೋಣೆಯ ಹೊರಗೆ ಚಪ್ಪಲಿ ಬಿಟ್ಟು, ಬಳೆಗಳನ್ನು ಮೊಣಕೈವರೆಗೆ ಸರಿಸಿಕೊಂಡು, ಜಗಳಕ್ಕೆ ನಿಂತವರಂತೆ ಮೌಸ್ ಹಿಡಿಯುತ್ತಿದ್ದ ಅವರು ನನ್ನ ಸಂಧಿ ಪಾಠವನ್ನು ಒಂದು ಆಟವನ್ನಾಗಿ ಮಾಡಿದರು.

ಪರದೆಯ ಎರಡು ಕಡೆಯಿಂದ ಎರಡು ಪದಗಳು ಕಾಲು ಮೂಡಿಸಿಕೊಂಡು ನಡೆದುಬರುತ್ತಿದ್ದವು. ‘ಊರು’, ‘ಅಲ್ಲಿ’ ಡಿಕ್ಕಿ ಹೊಡೆದರೆ ಉಕಾರ ಬಾವಿಗೆ ಬೀಳುತ್ತಿತ್ತು. ‘ಮನೆ’, ‘ಅಲ್ಲಿ’ ಎದುರಾದರೆ ನಡುವೆ ಯಕಾರ ಹಾರಿ ಕೂರುತ್ತಿತ್ತು. ಕೆಳಗಿದ್ದ ಉತ್ತರಗಳಲ್ಲಿ ಮಗು ‘ಮನ್ಯಾಗ’ ಎಂಬುದನ್ನು ಒತ್ತಿದರೆ ಎಮ್ಮೆಯೊಂದು ಕತ್ತೆತ್ತಿ, ಟೀಚರದೇ ದನಿಯಲ್ಲಿ, “ನಾನೂ ಹಂಗಽ ಅಂತೀನಪಾ, ಆದ್ರ ಪರೀಕ್ಷಾದಾಗ ‘ಮನೆಯಲ್ಲಿ’ ಅಂತ ಬರಿ” ಎನ್ನುತ್ತಿತ್ತು. ಆ ಎಮ್ಮೆಯನ್ನು ಮಾತನಾಡಿಸಲೆಂದೇ ಮಕ್ಕಳು ಬೇಕಂತಲೇ ತಪ್ಪುತ್ತಿದ್ದರು. ತಪ್ಪಿ ತಪ್ಪಿ ಲೋಪವೂ ಆಗಮವೂ ಅವರ ನಾಲಿಗೆಗೆ ಬಂದವು. ಕುಷ್ಟಗಿ, ಯಲಬುರ್ಗಾದ ಶಾಲೆಗಳ ಮಕ್ಕಳೂ ಅಂತರ್ಜಾಲದಲ್ಲಿ ಅದನ್ನು ಆಡಿದರು.

ಆಮೇಲೆ ಬ್ರೌಸರುಗಳು ಆ ಆಟವನ್ನು ಓಡಿಸುತ್ತಿದ್ದ ಫ್ಲ್ಯಾಶ್ ಎಂಬ ತಂತ್ರವನ್ನೇ ಕೈಬಿಟ್ಟವು. ಆಟವಿದ್ದಲ್ಲಿ ಬೂದು ಬಣ್ಣದ ಚೌಕವೊಂದು ಉಳಿಯಿತು.

ಕಳೆದ ವರ್ಷ ಕೊಪ್ಪಳದ ಸಭೆಯೊಂದರಲ್ಲಿ, ಆಟವಿದ್ದ ಜಾಲತಾಣವನ್ನು ನೋಡಿಕೊಳ್ಳುವ ಸಮಿತಿಯ ಕಾಶಿನಾಥರು ಟೀಚರಿಗೆ ಶಾಲು ಹೊದಿಸಿ, “ನಿಮ್ಮ ಆಟ ಉಳಿಸೀವ್ರಿ ಟೀಚರ್ರ” ಎಂದು ವಿಡಿಯೋ ಒಂದನ್ನು ಹಚ್ಚಿದರು. ಪದಗಳು ಬಂದವು, ಕೂಡಿದವು, ಹೋದವು. ಎಲ್ಲ ಉತ್ತರವೂ ಸರಿ.

“ಎಮ್ಮಿ ಎಲ್ಲಿ ಹೋತ್ರಿ ಸರ?”

“ತಪ್ಪು ಉತ್ತರ ಯಾಕ ಬೇಕ್ರಿ ಟೀಚರ್ರ? ಚೊಕ್ಕ ಮಾಡೀವಿ.”

“ಭಾಳ ಉಪಕಾರ ಆತ್ರಿ. ತಾವು ದೊಡ್ಡವರು, ಒಂದೀಟು ಆಡಿ ತೋರಸ್ರಲ್ಲ.”

ಕಾಶಿನಾಥರು ಪರದೆಯ ಮುಂದೆ ನಿಂತು ಅಲ್ಲಿ ಒತ್ತಿದರು, ಇಲ್ಲಿ ಒತ್ತಿದರು. ವಿಡಿಯೋ ನಿಂತಿತು, ಮತ್ತೆ ನಡೆಯಿತು. ಹಿಂದಿನ ಸಾಲಿನಿಂದ ಯಾರೋ “ಸರ ಔಟ್!” ಎಂದರು. ಸಭೆ ನಕ್ಕಿತು. ಮುಖ ಕೆಂಪಾದ ಕಾಶಿನಾಥರು, “ಹಳೇ ಫೈಲು ಜಾಗಾ ತಿಂತಿತ್ತು, ತಗದು ಹಾಕೀವಿ” ಎಂದುಬಿಟ್ಟರು. ಟೀಚರ್ ಶಾಲನ್ನು ಕುರ್ಚಿಯ ಮೇಲಿಟ್ಟು ಹೊರನಡೆದರು. ಕೊಂದವರೇ ಭಾವಚಿತ್ರಕ್ಕೆ ಹಾರ ಹಾಕಿ ಚಪ್ಪಾಳೆ ಬೇಡುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ, ನಾನೂ ಎದ್ದೆ.

ಇನ್ನುಳಿದದ್ದು ನಮ್ಮ ಶಾಲೆಯ ಹಳೆಯ ಕಂಪ್ಯೂಟರಿನಲ್ಲಿದ್ದ ಮೂಲ ಪ್ರತಿಯೊಂದೇ. ಆ ಕಂಪ್ಯೂಟರು ಗುಜರಿಗೆಂದು ವರಾಂಡದಲ್ಲಿ ಬಿದ್ದಿತ್ತು. ಟೀಚರ್ ಹೆಡ್ಮಾಸ್ತರರೊಡನೆ ಜಗಳವಾಡಿ ಅದನ್ನು ಮನೆಗೆ ತಂದರು. ಇಂಥ ಹಳೆಯ ಆಟಗಳನ್ನು ಇಂದಿನ ಬ್ರೌಸರಿನಲ್ಲಿ ಓಡಿಸುವ ತಂತ್ರಾಂಶವನ್ನು ಯಾರೋ ಪುಣ್ಯಾತ್ಮರು ಬಿಟ್ಟಿಯಾಗಿ ಮಾಡಿಟ್ಟಿದ್ದಾರೆ. ಅದರಲ್ಲಿ ಹಾಕಿದಾಗ ಬಾವಿ ಬಂತು, ಎಮ್ಮೆಯೂ ಬಂತು. ಅಕ್ಷರಗಳು ಮಾತ್ರ ಹಳೆಯ ಫಾಂಟಿನವಾದ್ದರಿಂದ ಅರ್ಥವಾಗದ ಗೀಚುಗಳಾಗಿದ್ದವು. ಒಂದೊಂದು ಪದವನ್ನೂ ಹೊಸದಾಗಿ ಟೈಪ್ ಮಾಡಬೇಕು. ಟೀಚರ ಕಣ್ಣಿಗೆ ಈಗ ಪೊರೆ. ನಾನು ಪದಗಳನ್ನು ನೆನೆದು ಹೇಳುತ್ತೇನೆ, ಅವರು ಬೆರಳ ಅಂದಾಜಿನ ಮೇಲೆ ಕೀಲಿ ಕುಟ್ಟುತ್ತಾರೆ. ಮೊದಲ ದಿನ ನಾನು ‘ಊರಲ್ಲಿ’ ಎಂದು ಆರಂಭಿಸಿದೆ.

“ಅದು ಪುಸ್ತಕದಾಗ ಐತ್ರಿ ಮಾಸ್ತರ್ರ, ಎಲ್ಲಿಗೂ ಹೋಗೂದಿಲ್ಲ. ಮೊದಲ ತಪ್ಪು ಹೇಳ್ರಿ.”

ಸರಿಯಾದದ್ದನ್ನು ಕಾಯಲು ಪಠ್ಯಪುಸ್ತಕಗಳಿವೆ, ಸಮಿತಿಗಳಿವೆ. ಮಗುವಿಗೆ ಎಡವುವುದಕ್ಕೂ ಒಂದು ಜಾಗ ಉಳಿಯಬೇಕೆಂದು ಸಿಟ್ಟಾಗುವವರು ಊರಿಗೊಬ್ಬರೂ ಇರುವುದಿಲ್ಲ. ಇದ್ದವರನ್ನು ನಾವು ಜಗಳಗಂಟರೆಂದು ಕರೆಯುತ್ತೇವೆ, ಅದೂ ಸಾಲದೆ ಸನ್ಮಾನ ಮಾಡಿ ಸುಮ್ಮನೆ ಕೂರಿಸಲು ನೋಡುತ್ತೇವೆ.