ಒಂದೇ ಹಿಡಿ ತೌಡು

ನಮ್ಮ ಯಜಮಾನರು ಜುಗ್ಗರು. ಹೋದವರ ಬಗ್ಗೆ ಹಾಗೆ ಅನ್ನಬಾರದಂತೆ. ನಾನು ಅನ್ನುತ್ತೇನೆ, ಬಾಳಿದವಳು ನಾನು. ಮುಳ್ಳೂರಿನ ತೋಟದಲ್ಲಿ ಹೊಂಡ ತೋಡಿಸಿದ ಮೇಲೆ ಹದಿನಾರು ವರ್ಷ, ದಿನಾ ಲಿಂಗಪೂಜೆ ಮುಗಿಸಿ ಅಲ್ಲಿಗೆ ಹೋಗುತ್ತಿದ್ದರು. ತಾಮ್ರದ ಚೊಂಬನ್ನು ಕಲ್ಲಿಗೆ ಮೂರು ಸಲ ಕುಟ್ಟಿದರೆ ಮೀನೆಲ್ಲ ಮೇಲೆ ಬರುತ್ತಿದ್ದವು. ಮೀನು ತಿನ್ನುವ ಜನವಲ್ಲ ನಾವು. ಅವರಿಗೆ ನೋಡುವುದೇ ಸಂತೋಷ. ಹಾಕುತ್ತಿದ್ದುದು ಮಾತ್ರ ಒಂದೇ ಹಿಡಿ ತೌಡು. "ಇನ್ನೊಂದಿಡಿ ಆಕುದ್ರೆ ನಿಮ್ ಗಂಟೇನು ಓಯ್ತದೆ?" ಎಂದು ಬೈದರೆ, ನಕ್ಕು ಪಂಚೆಗೆ ಕೈ ಒರೆಸಿಕೊಳ್ಳುತ್ತಿದ್ದರು.

ಅವರು ಹೋದ ಮೇಲೆ ಚೊಂಬು ನಾನು ಹಿಡಿದೆ, ಹಿಡಿಯ ಬದಲು ದಿನಾ ಒಂದು ಬೊಗಸೆ ಹಾಕಿದೆ. ಮೊದಮೊದಲು ಮೀನು ಬಂದವು. ತಿಂಗಳಾಗುವಷ್ಟರಲ್ಲಿ ಬಂದವೂ ತೌಡು ಮುಟ್ಟದೆ ಸುಮ್ಮನೆ ಬಾಯಿ ಬಿಡುತ್ತ ನಿಂತವು. ಅಯ್ಯೋ ಶಿವನೇ, ಅವರನ್ನು ನೆನೆದು ಅನ್ನ ಬಿಟ್ಟಿವೆ ಎಂದುಕೊಂಡೆ. ಇವೂ ಹೋದರೆ ಆ ಮನುಷ್ಯನದೆಂದು ಇನ್ನೇನು ಉಳಿಯುತ್ತದೆ? ಇನ್ನೊಂದು ಬೊಗಸೆ ಸುರಿದೆ. ಮಾರನೆಯ ದಿನ ಎರಡು ಸತ್ತು ತೇಲಿದವು.

ಸತ್ತೇಗಾಲದಿಂದ ಚೌಡೇಶನನ್ನು ಕರೆಸಿದೆ. ಹೊಂಡಕ್ಕೆ ಮೀನಿನ ಮರಿ ಕೊಟ್ಟವನೇ ಅವನು. ತಳದ ಕೆಸರು ತೆಗೆದು ಮೂಸಿ ಮುಖ ಹಿಂಡಿದ.

"ದಿನಾ ಎಷ್ಟು ಆಕ್ತೀರಿ ಅಮ್ಮಾವ್ರೆ?"

"ಒಂದು ಬೊಗ್ಸೆ. ಮೊನ್ನೆಯಿಂದ ಎರಡು."

"ಇದು ಒಬ್ಬರ ಕೆಲ್ಸ ಅಲ್ಲ. ಇನ್ಯಾರು ಆಕ್ತಾರೆ?"

ಸೊಸೆ ಭವ್ಯ ತಲೆ ತಗ್ಗಿಸಿದಳು. ಮಾವನಿಗೆ ಇಷ್ಟವೆಂದು ದಿನಾ ಮಧ್ಯಾಹ್ನ ಒಂದು ರಾಗಿಮುದ್ದೆ ಹಾಕುತ್ತಿದ್ದಳಂತೆ. ಮೈದುನ ಶಾಂತಮೂರ್ತಿ ಸಂಜೆ ಕಡ್ಲೆಹಿಂಡಿ. ಕಾಗೆಗೆ ಎಡೆ ಇಡುವ ಪದ್ಧತಿ ನಮ್ಮಲ್ಲಿಲ್ಲ. ಅವರ ಪಾಲನ್ನು ಮೂವರೂ ಒಬ್ಬರಿಗೊಬ್ಬರು ಹೇಳದೆ ಮೀನಿಗೆ ತಂದು ಸುರಿದಿದ್ದೆವು.

"ಉಳುದದ್ದು ತಳದಲ್ಲಿ ಕೊಳೀತಾ ಅದೆ. ನೀರಲ್ಲಿ ಉಸುರೇ ಇಲ್ಲ, ಇನ್ನೆಲ್ಲಿ ಅಸಿವು? ಒಂದ್ ವಾರ ಏನೂ ಆಕ್ಬ್ಯಾಡಿ. ಮೋಟ್ರು ಆನ್ ಮಾಡಿ ಒಸ ನೀರು ಬುಡಿ," ಎಂದ ಚೌಡೇಶ.

ಆ ವಾರ ಬರಿಗೈಯಲ್ಲಿ ದಡದ ಮೇಲೆ ಕೂತ ಸಂಕಟ ನನಗೇ ಗೊತ್ತು. ಎಂಟನೆಯ ದಿನ ಚೊಂಬು ಕುಟ್ಟಿದೆ. ಒಂದು ಬಂತು, ಆಮೇಲೆ ನಾಲ್ಕು, ಆಮೇಲೆ ಎಲ್ಲವೂ. ಒಂದು ಹಿಡಿ ಹಾಕಿದೆ, ಗಬಗಬನೆ ಮುಗಿಸಿದವು. ಇನ್ನೊಂದು ಹಿಡಿಗೆ ಹೋದ ಕೈಯನ್ನು ಎಳೆದುಕೊಂಡು ಸೆರಗಿಗೆ ಒರೆಸಿದೆ.

"ಅಷ್ಟೇನಾ ಅತ್ತೆ?" ಹಿಂದೆ ನಿಂತಿದ್ದ ಭವ್ಯ ಕೇಳಿದಳು. "ಇನ್ನೊಂದಿಡಿ ಆಕುದ್ರೆ ಗಂಟೇನು ಓಯ್ತದೆ?"

ನಗು ಬಂತು, ಅದರ ಹಿಂದೆಯೇ ಅಳು. ಹದಿನಾರು ವರ್ಷ ಬೈದೆನಲ್ಲ, ಒಂದು ದಿನವಾದರೂ ಯಾಕೆ ಅಂತ ಹೇಳಬಾರದಿತ್ತೇ ಆ ಮನುಷ್ಯ!